ಜಂತಿಯ ಕೆಳಗಿನ ಜೋಕಾಲಿ

ರಾಘಣ್ಣನ ಹೆಂಡತಿ ರಂಗೂಬಾಯಿಗೆ ಕಾಗದ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಯಾರಾದರೂ ಮದುವೆಯ ಆಮಂತ್ರಣ ಕೊಟ್ಟರೆ ಮುಹೂರ್ತ ಓದುವ ಮೊದಲು ಬೆರಳಿನಿಂದ ಅದರ ದಪ್ಪ ನೋಡುತ್ತಿದ್ದಳು. ಊದಿನಕಡ್ಡಿ ಸುತ್ತಿದ ಬೇಗಡೆ, ಚಹಾಪುಡಿಯ ಡಬ್ಬಿಯೊಳಗಿನ ಬೆಳ್ಳಿ ಹಾಳೆ, ವರ್ಷ ಮುಗಿದ ಕ್ಯಾಲೆಂಡರು, ಎಲ್ಲವೂ ಅವಳ ಟ್ರಂಕು ಸೇರುತ್ತಿದ್ದವು. ಪುಣೆಯ ಶುಕ್ರವಾರ ಪೇಟೆಯಲ್ಲಿ, ಹಲವು ಸಂಸಾರಗಳಿರುವ ಹಳೆಯ ವಾಡೆಯೊಂದರಲ್ಲಿ, ಮಹಡಿಯ ಮೇಲೆ ಅವರದು ಎರಡು ಕೋಣೆಯ ಮನೆ. ಆ ಎರಡು ಕೋಣೆಗಳನ್ನೇ ಅವಳು ಹಬ್ಬಕ್ಕೊಂದು ಸಲ ಹೊಸ ಮನೆ ಮಾಡುತ್ತಿದ್ದಳು. ಅಡುಗೆಮನೆಯ ಹಲಗೆಗಳ ಅಂಚಿಗೆ ಕತ್ತರಿಸಿದ ಕಾಗದದ ಜಾಲರಿ, ಬಾಗಿಲಿಗೆ ಹಸಿರು ಕಾಗದದ ಮಾವಿನೆಲೆ, ಚೌತಿಗೆ ಗಣಪ್ಪನ ಮಂಟಪ, ದೀಪಾವಳಿಗೆ ಆಕಾಶಬುಟ್ಟಿ. ಮಕ್ಕಳಿಲ್ಲದ ಮನೆ ಎಂದು ಯಾರೂ ಅನ್ನಬಾರದು, ಅಷ್ಟು ತುಂಬಿಕೊಂಡಿರುತ್ತಿತ್ತು.

ರಾಘಣ್ಣ ಶಿವಾಜಿನಗರದ ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಅವನ ಪಾಲಿಗೆ ಮೊಹರು ಬಿದ್ದದ್ದಷ್ಟೇ ಕಾಗದ, ಉಳಿದದ್ದೆಲ್ಲ ಕಸ. ರವಿವಾರ ಪೇಪರು ಬಿಚ್ಚಿದರೆ ಮಂತ್ರಿಯ ಭಾಷಣದ ನಡುವೆ ವಜ್ರದಾಕಾರದ ತೂತು ಕಾಣುತ್ತಿತ್ತು. ಆಗ ಅವನು, ಈ ಮನೆಯಲ್ಲಿ ಇಲಿ ಇರುವುದು ಒಂದೇ, ಆದರೆ ಅದು ಭಾಳ ದೊಡ್ಡದು ಎಂದು ಗೊಣಗುತ್ತಿದ್ದ. ರಂಗೂಬಾಯಿ ನಕ್ಕು ಇನ್ನೊಂದು ಪುಟ ಎಳೆದುಕೊಳ್ಳುತ್ತಿದ್ದಳು. ಧಾರವಾಡದಿಂದ ಮದುವೆಯಾಗಿ ಬಂದಾಗಿನಿಂದ ನಡೆದ ಜಗಳ ಇದು. ಇಬ್ಬರಿಗೂ ಅದು ಚಹಾದಷ್ಟೇ ರೂಢಿ.

ಎಪ್ಪತ್ತೊಂಬತ್ತನೆಯ ಇಸವಿಯ ಆಷಾಢದ ಮಳೆಯಲ್ಲಿ ಆ ಜಗಳವೂ ನಿಂತಿತು. ವಾಡೆಯ ಅಂಗಳದ ನಳದ ಹತ್ತಿರ ಪಾಚಿ ಕಟ್ಟಿದ ಕಲ್ಲಿನ ಮೇಲೆ ರಂಗೂಬಾಯಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಆಸ್ಪತ್ರೆಯಾಯಿತು, ಪ್ಲಾಸ್ಟರಾಯಿತು. ಶ್ರಾವಣವೂ ಚೌತಿಯೂ ಹಾಸಿಗೆಯಲ್ಲೇ ಕಳೆದವು. ನವರಾತ್ರಿಗೆ ಮೊದಲು ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, ಎಲುಬು ಚೆನ್ನಾಗಿ ಕೂಡಿದೆ, ಇನ್ನು ಇವರು ಎದ್ದು ನಿಲ್ಲಬೇಕು, ದೀಪಾವಳಿಯೊಳಗೆ ಕಾಲು ನೆಲಕ್ಕೆ ಊರದಿದ್ದರೆ ಕೀಲು ಬಿಗಿದು ಹಾಸಿಗೆಯೇ ಗತಿ ಎಂದು ಸ್ಪಷ್ಟವಾಗಿ ಹೇಳಿದರು.

ಆದರೆ ರಂಗೂಬಾಯಿಗೆ ಏಳುವ ಮನಸ್ಸೇ ಇರಲಿಲ್ಲ. ಡಾಕ್ಟರ ಎದುರು ಒಮ್ಮೆ ಕಾಲು ಊರಿದಾಗ ನೋವಿಗಿಂತ ಹೆಚ್ಚಾಗಿ ಹೆದರಿಕೆ ಬಂದಿತ್ತು. ಆಮೇಲೆ ರಾಘಣ್ಣ ಕೋಲು ಹಿಡಿದು ಬಂದಾಗಲೆಲ್ಲ ನಾಳೆ ಎನ್ನುತ್ತಿದ್ದಳು. ಒಂದು ದಿನ ಕೆಳಗಿನ ಮನೆಯ ಕೃಷ್ಣಾಬಾಯಿಯನ್ನು ಕರೆದು, ನನ್ನ ಕಾಗದದ ಟ್ರಂಕು ಯಾರಿಗಾದರೂ ಕೊಟ್ಟುಬಿಡು, ನನಗಿನ್ನು ಅದರ ಕೆಲಸವಿಲ್ಲ ಎಂದಳು. ಬೆಳಗಾವಿ ಕಡೆಯ ಕೃಷ್ಣಾಬಾಯಿ ದಿನವೂ ಬಂದು ಅವಳಿಗೆ ಮೈ ಒರೆಸಿ ತಲೆ ಬಾಚಿ ಹೋಗುವವಳು. ಅವಳು ಹೊರಗೆ ಬಂದು ಈ ಮಾತು ಹೇಳಿದಾಗ ರಾಘಣ್ಣ ಹೆದರಿಬಿಟ್ಟ. ಎಲುಬು ಮುರಿದಾಗಲೂ ಅವನು ಅಷ್ಟು ಹೆದರಿರಲಿಲ್ಲ.

ಟ್ರಂಕನ್ನು ಅವನು ಯಾರಿಗೂ ಕೊಡಲಿಲ್ಲ. ತನ್ನ ಮೇಜಿನ ಕೆಳಗೆ ತಳ್ಳಿ ಯೋಚಿಸುತ್ತ ಕುಳಿತ. ರಂಗೂಬಾಯಿ ನವಾರದ ಮಂಚದ ಮೇಲೆ ಅಂಗಾತ ಮಲಗಿದ್ದಳು. ಉತ್ತರಕ್ಕೆ ತಲೆ ಹಾಕಬಾರದೆಂದು ತಲೆ ದಕ್ಷಿಣದ ಗೋಡೆಗೆ, ಕಾಲು ಉತ್ತರದ ಬಾಗಿಲ ಕಡೆಗೆ. ಕಣ್ಣು ಮಾತ್ರ ಮೇಲೆ. ರಾಘಣ್ಣನೂ ಮೇಲೆ ನೋಡಿದ. ಹೊಗೆ ಹಿಡಿದ ಹಲಗೆ, ಅಡ್ಡಡ್ಡ ಜಂತಿ, ಒಂದು ಜೇಡರ ಬಲೆ. ದಿನವಿಡೀ ಇದನ್ನೇ ನೋಡುವವಳಿಗೆ ಏಳಬೇಕು ಅಂತ ಎಲ್ಲಿಂದ ಅನ್ನಿಸಬೇಕು ಎಂದು ಅವನಿಗೆ ಅನ್ನಿಸಿತು.

ಮರುದಿನ ತುಳಶಿಬಾಗಿನ ಅಂಗಡಿಗಳಿಗೆ ಹೋಗಿ, ಗಾಳಿಪಟಕ್ಕೆ ಬಳಸುವ ಹಸಿರು ಪತಂಗದ ಕಾಗದ ತಂದ. ಹೆಂಡತಿಯ ಕತ್ತರಿ ಹಿಡಿದು ಗಿಣಿ ಮಾಡಲು ಕುಳಿತ. ಕತ್ತರಿ ಮೊಂಡಾಗಿದೆ ಎಂದ, ಕಾಗದ ತೀರ ತೆಳು ಎಂದ, ಬೆಳಕು ಸಾಲದು ಎಂದ. ಕುಣಿಯಲಾರದವಳಿಗೆ ನೆಲ ಡೊಂಕು. ಮಧ್ಯಾಹ್ನದ ಹೊತ್ತಿಗೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಹಸಿರು ಬಣ್ಣದ ಕಾಗೆಯೊಂದು ಸಿದ್ಧವಾಯಿತು. ಸ್ಟೂಲು ಹತ್ತಿ ಅದನ್ನು ಹಲಗೆಗೆ ಅಂಟಿಸಿ, ಇಳಿದು, ಬಾಗಿಲಿಗೆ ಹೋಗಿ ನಿಂತು ಕತ್ತು ಎತ್ತಿ ನೋಡಿದ. ಪರವಾಗಿಲ್ಲ ಅನ್ನಿಸಿತು. ಹೇಗಿದೆ ಎಂದು ಹೆಂಡತಿಯನ್ನು ಕೇಳಿದ. ರಂಗೂಬಾಯಿ ಬಹಳ ಹೊತ್ತು ಮೇಲೆ ನೋಡಿದಳು. ಅವಳ ತುಟಿಯ ಅಂಚು ಸ್ವಲ್ಪ ಅಲುಗಿತು. ಚಂದ ಅದ ಅಂದಳು.

ಎಷ್ಟೋ ದಿನಗಳ ಮೇಲೆ ಕಂಡ ನಗು ಅದು. ರಾಘಣ್ಣನಿಗೆ ಅಷ್ಟೇ ಸಾಕಾಯಿತು.

ಅಲ್ಲಿಂದ ದಿನಕ್ಕೊಂದು ಬೆಳೆಯತೊಡಗಿತು. ಇನ್ನಷ್ಟು ಗಿಣಿ, ಒಂದು ಆನೆ, ತುಳಸಿಕಟ್ಟೆ, ಬೇಗಡೆಯ ಜ್ಯೋತಿ ಇರುವ ದೀಪದ ಕಂಬ. ನೋಡಿ ನೋಡಿ ತಡೆಯಲಾರದೆ ರಂಗೂಬಾಯಿ ಮಲಗಿದಲ್ಲಿಂದಲೇ ಪಾಠ ಶುರುಮಾಡಿದಳು. ಕತ್ತರಿ ತಿರುಗಿಸಬಾರದು, ಕಾಗದ ತಿರುಗಿಸಬೇಕು. ಮಡಿಕೆಯ ಕಡೆಯಿಂದ ಕತ್ತರಿಸಿದರೆ ಎರಡೂ ರೆಕ್ಕೆ ಸಮ ಬರುತ್ತವೆ. ಮೈದಾದ ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕದಿದ್ದರೆ ಜಿರಲೆ ತಿಂದು ಹೋಗುತ್ತದೆ, ಆದರೆ ಆ ಪಾತ್ರೆ ಅಡುಗೆಮನೆಗೆ ಕಾಲಿಡಕೂಡದು. ರಾಘಣ್ಣ ಹೊಸದಾಗಿ ಸೇರಿದ ಉಮೇದವಾರನ ಹಾಗೆ ಎಲ್ಲಕ್ಕೂ ತಲೆಯಾಡಿಸಿದ. ನಿಜ ಹೇಳಬೇಕೆಂದರೆ, ಕತ್ತರಿಯ ಬಾಯಲ್ಲಿ ಕಾಗದ ಕರಕರ ಎಂದು ಸರಿದು, ಮಡಿಕೆ ಬಿಚ್ಚಿದಾಗ ಒಂದು ಹೂವು ಎರಡಾಗಿ ತೆರೆದುಕೊಳ್ಳುವ ಸುಖ ಅವನಿಗೆ ಹತ್ತಿಬಿಟ್ಟಿತ್ತು. ಊಟಕ್ಕೆ ಹೊತ್ತಾದರೂ ಏಳುತ್ತಿರಲಿಲ್ಲ. ಈಗ ಪೇಪರಿಗೆ ತೂತು ಬೀಳುತ್ತಿದ್ದದ್ದು ಅವನ ಕೈಯಿಂದಲೇ. ಆ ದೊಡ್ಡ ಇಲಿ ಯಾವುದು ಎಂದು ರಂಗೂಬಾಯಿ ಕೇಳಲಿಲ್ಲ, ಅದು ಅವಳ ದೊಡ್ಡ ಗುಣ.

ವಾಡೆಯ ಮರಾಠಿ ಮಂದಿಯೆಲ್ಲ ನೋಡಲು ಬಂದರು. ಚಪ್ಪಲಿ ಕಳಚಿ ಹೊಸ್ತಿಲಲ್ಲಿ ನಿಂತು, ಕತ್ತು ಹಿಂದಕ್ಕೆ ಹಾಕಿ, ಬಾಯಿ ತುಂಬ ಹೊಗಳಿ ಹೋದರು. ರಾಘಣ್ಣ ಪ್ರತಿಯೊಬ್ಬರ ಪಕ್ಕದಲ್ಲೂ ನಿಂತು ಮತ್ತೊಮ್ಮೆ ತಾನೂ ನೋಡಿದ.

ಕೊನೆಗೆ ಅವನು ಮಾಡಿದ್ದು ಜೋಕಾಲಿ. ಆ ವರ್ಷ ನಾಗರಪಂಚಮಿ ಪ್ಲಾಸ್ಟರಿನಲ್ಲೇ ಹೋಗಿತ್ತು. ಧಾರವಾಡದ ತವರಿನ ಹುಣಸೆಮರಕ್ಕೆ ಜೋಕಾಲಿ ಕಟ್ಟಿ ಜೀಕಿದ ಕತೆಯನ್ನು ರಂಗೂಬಾಯಿ ಪ್ರತಿ ಪಂಚಮಿಗೂ ಹೇಳುತ್ತಿದ್ದಳು, ಆ ಸಲ ಹೇಳಿರಲಿಲ್ಲ. ಅದಕ್ಕೇ ಅವನು ಕೆಂಪು ಕಾಗದದ ಸೀರೆ ಉಡಿಸಿ, ಉದ್ದ ಜಡೆ ಬಿಟ್ಟು ಒಬ್ಬ ಹುಡುಗಿಯನ್ನು ಮಾಡಿದ. ಹಗ್ಗ ನಿಜವಾಗಿಯೂ ಜಂತಿಗೇ ಕಟ್ಟಿದಂತೆ ಕಾಣುವ ಹಾಗೆ ಅಂಟಿಸಿದ. ಅದನ್ನು ನೋಡಿ ರಂಗೂಬಾಯಿ ಮೈ ಕುಲುಕುವಷ್ಟು ನಕ್ಕಳು. ಕಣ್ಣಲ್ಲಿ ನೀರು ಬಂತು. ತವರು ನೆನಪಾಗಿರಬೇಕು ಎಂದುಕೊಂಡು ರಾಘಣ್ಣನೂ ಕಣ್ಣೊರೆಸಿಕೊಂಡ.

ಇಷ್ಟೆಲ್ಲ ಆದರೂ ಅವಳು ಏಳಲಿಲ್ಲ. ನಗುತ್ತಿದ್ದಳು, ಮಾತಾಡುತ್ತಿದ್ದಳು, ಮಲಗಿದಲ್ಲೇ ಕಾಗದ ಮಡಿಸಿಕೊಡುತ್ತಿದ್ದಳು. ಕೋಲು ತಂದರೆ ಮಾತ್ರ ಮುಖ ಬಾಡುತ್ತಿತ್ತು, ನಾಳೆ ಎನ್ನುತ್ತಿದ್ದಳು. ದೀಪಾವಳಿ ಹತ್ತಿರ ಬಂತು. ಮತ್ತೆ ಬಂದು ನೋಡಿದ ಡಾಕ್ಟರು ಮೊಣಕಾಲು ಮಡಿಸಿ ನೋಡಿ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ಹೋದರು. ಅವತ್ತು ರಾಘಣ್ಣನಿಗೆ ಊಟ ಸೇರಲಿಲ್ಲ.

ಅದಾದ ಮರುದಿನ ಕೃಷ್ಣಾಬಾಯಿ, ತಲೆಗೆ ಎಣ್ಣೆ ಹಚ್ಚಿ ನೀರು ಹಾಕುತ್ತೇನೆಂದು ರಂಗೂಬಾಯಿಯನ್ನು ಕುರ್ಚಿಯ ಸಮೇತ ರಾಘಣ್ಣನ ಕೈಯಲ್ಲಿ ಎತ್ತಿಸಿ ಅಡುಗೆಮನೆಗೆ ಒಯ್ದಳು. ಮಂಚದ ನವಾರದ ಪಟ್ಟಿ ಸಡಿಲವಾಗಿ ನಡುವೆ ತಗ್ಗು ಬಿದ್ದಿತ್ತು. ಅವಳು ಬರುವುದರೊಳಗೆ ರಾಘಣ್ಣ ಅದನ್ನು ಬಿಗಿದು ಕಟ್ಟಿದ. ಸರಿಯಾಯಿತೋ ಇಲ್ಲವೋ ನೋಡೋಣವೆಂದು ಅವಳ ದಿಂಬಿಗೆ ತಲೆಕೊಟ್ಟು ಮಲಗಿದ. ಕಣ್ಣು ಮೇಲೆ ಹೋಯಿತು.

ಗಿಣಿಗಳೆಲ್ಲ ಕಾಲು ಮೇಲೆ ಮಾಡಿ ಜೋತುಬಿದ್ದಿದ್ದವು. ಆನೆ ಬೆನ್ನ ಮೇಲೆ ಬಿದ್ದಿತ್ತು. ತುಳಸಿಗಿಡ ಬೇರು ಮೇಲಾಗಿ ನಿಂತಿತ್ತು, ದೀಪ ಕೆಳಮುಖವಾಗಿ ಉರಿಯುತ್ತಿತ್ತು. ಜೋಕಾಲಿಯ ಹುಡುಗಿಯಂತೂ ತಲೆ ಕೆಳಗಾಗಿ, ಜಡೆ ಇಳಿಬಿಟ್ಟು ನೇತಾಡುತ್ತಿದ್ದಳು. ಇಷ್ಟು ದಿನ ಪ್ರತಿಯೊಂದನ್ನೂ ಅವನು ಬಾಗಿಲಿಂದ ನೋಡಿ ಸರಿ ಮಾಡಿದ್ದ. ಕೋರ್ಟಿನ ಮೇಜಿನ ಈಚೆ ಮೂವತ್ತು ವರ್ಷ ಕುಳಿತವನಿಗೆ, ಆಚೆ ನಿಂತವರಿಗೆ ಅದೇ ಕಾಗದ ಹೇಗೆ ಕಾಣುತ್ತದೆ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ರಾಘಣ್ಣ ನಾಚಿಕೆಯಿಂದ ಎದ್ದು ಕುಳಿತ.

ಕೃಷ್ಣಾಬಾಯಿ ಕೂಗಿ ಕರೆದಾಗ ಹೋಗಿ ಹೆಂಡತಿಯನ್ನು ತಂದು ಮಲಗಿಸಿದ. ಸ್ಟೂಲು ಎಳೆದು, ಒಂದು ಚಾಕು ಹಿಡಿದು ಹತ್ತಿದ.

"ಏನ ಮಾಡ್ಲಿಕತ್ತೀರಿ?" ಎಂದಳು ರಂಗೂಬಾಯಿ.

"ಕಿತ್ತಿ ತಿರುವಿ ಹಚ್ಚತೀನಿ. ಎಲ್ಲಾ ತಲಿಕೆಳಗ ಅವ. ಮೊದಲನೇ ದಿವಸನ ಯಾಕ ಹೇಳಲಿಲ್ಲ ನೀ?"

"ನೀವು ಕತ್ತರಿ ಹಿಡದದ್ದ ನನಗ ಹೆಚ್ಚಾಗಿತ್ತು. ತಲಿ ಯಾವ ಕಡೆ, ಕಾಲ ಯಾವ ಕಡೆ ಅಂತ ಎಲ್ಲಿ ಕೇಳ್ಕೋತ ಕೂಡ್ಲಿ?"

"ಮತ್ತ ಆ ಜೋಕಾಲಿ ಹುಡುಗಿ?"

"ಭಾಳ ಜೋರ ಜೀಕ್ಯಾಳ, ಮ್ಯಾಲೆ ಹೋಗಿ ಪಲ್ಟಿ ಹೊಡದಾಳ ಅನಿಸ್ತು. ಅದಕ್ಕ ಅವತ್ತ ಅಷ್ಟು ನಕ್ಕೆ."

ಕೃಷ್ಣಾಬಾಯಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ರಾಘಣ್ಣನಿಗೆ ನಗು ಬರಲಿಲ್ಲ. ಸ್ಟೂಲಿನಿಂದ ಇಳಿದು ಅದರ ಮೇಲೇ ಕುಳಿತುಬಿಟ್ಟ.

"ನಿನಗಂತ ಮಾಡಿದ್ದು," ಎಂದ. "ಊರ ಮಂದಿಗೆಲ್ಲಾ ನೆಟ್ಟಗ ಕಂಡದ. ನಿನಗೊಬ್ಬಾಕಿಗೆ ಕಂಡಿಲ್ಲ."

ಅದನ್ನು ಕೇಳಿ ಕೃಷ್ಣಾಬಾಯಿ ನಗು ನಿಲ್ಲಿಸಿದಳು. ಅದಕ್ಕೇನು, ಮಂಚವನ್ನೇ ತಿರುಗಿಸಿದರಾಯಿತಲ್ಲ ಎಂದು ಸಮಾಧಾನ ಹೇಳಿದಳು. ಹೇಳಿದವಳೇ ನಾಲಿಗೆ ಕಚ್ಚಿಕೊಂಡಳು. ಮಂಚ ತಿರುಗಿಸಿದರೆ ತಲೆ ಉತ್ತರಕ್ಕೆ ಬರುತ್ತದೆ, ಕಾಯಿಲೆಯವಳ ತಲೆಯನ್ನು ಉತ್ತರಕ್ಕೆ ಹಾಕುವುದು ಆ ಮನೆಯಲ್ಲಿ ಆಗದ ಮಾತು. ರಾಘಣ್ಣ ಮತ್ತೆ ಚಾಕು ಕೈಗೆತ್ತಿಕೊಂಡ.

ರಂಗೂಬಾಯಿ ಅವನನ್ನೇ ನೋಡುತ್ತಿದ್ದಳು. ಬೆರಳ ತುದಿಗೆಲ್ಲ ಒಣಗಿದ ಅಂಟು, ಹೆಬ್ಬೆರಳಿಗೆ ಕತ್ತರಿಯ ಗಾಯದ ಮೇಲೆ ಕಟ್ಟಿದ ಚಿಂದಿ, ಕನ್ನಡಕದ ಕಡ್ಡಿಗೆ ಅಂಟಿಕೊಂಡ ಒಂದು ಚೂರು ಹಸಿರು ಕಾಗದ. ಬಿದ್ದಾಗಿನಿಂದ ಅವಳು ತನ್ನ ಕಾಲನ್ನು ಮಾತ್ರ ನೋಡಿಕೊಂಡಿದ್ದಳು. ಈ ಮನುಷ್ಯ ಇಷ್ಟು ಸೊರಗಿದ್ದು ಅವಳ ಕಣ್ಣಿಗೆ ಬಿದ್ದದ್ದು ಈಗಲೇ.

"ಕೀಳಬ್ಯಾಡ್ರಿ," ಎಂದಳು. "ಒಣಗಿದ ಕಾಗದ ಕಿತ್ತರ ಹರೀತದ. ಅವು ಇದ್ದಲ್ಲೇ ಇರ್ಲಿ. ನಾನ ತಿರಗತೀನಿ. ಆ ಕೋಲು ಕೊಡ್ರಿ ಇಲ್ಲೆ."

ರಾಘಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಕೃಷ್ಣಾಬಾಯಿಯೇ ಕೋಲು ತಂದುಕೊಟ್ಟಳು.

ಅವತ್ತು ಎದ್ದು ನಿಂತದ್ದು ಒಂದೇ ಗಳಿಗೆ. ಕಾಲು ನಡುಗಿತು, ಮೈಯೆಲ್ಲ ಬೆವೆತು ಹಾಗೇ ಕುಳಿತುಬಿಟ್ಟಳು. ಮರುದಿನ ಅವನ ಹೆಗಲು ಹಿಡಿದು ಮಂಚದ ತುದಿಯವರೆಗೆ ಬಂದಳು. ಒಂದು ದಿನ ನೋವು ತಾಳಲಾರದೆ ಅತ್ತು, ನಿಮ್ಮ ಗಿಣಿಯೂ ಬೇಡ ಆನೆಯೂ ಬೇಡ ಎಂದು ಬೈದಳು. ಬೈಸಿಕೊಳ್ಳುತ್ತ ರಾಘಣ್ಣ ಕಾಲಿಗೆ ಬಿಸಿ ಎಣ್ಣೆ ತಿಕ್ಕಿದ. ಮಾರನೆಯ ದಿನ ಕೋಲು ಎಲ್ಲಿ ಎಂದು ಅವಳೇ ಕೇಳಿದಳು.

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಅವಳು ಹೊಸ್ತಿಲು ಮುಟ್ಟಿದಳು. ಕೆಳಗೆ ಅಂಗಳದಲ್ಲಿ ಹೆಂಗಸರು ಹಂಡೆಗೆ ನೀರು ತುಂಬುತ್ತಿದ್ದರು. ಕೃಷ್ಣಾಬಾಯಿ ಬಂದು ಒಂದು ಕಡೆ ನಿಂತಳು. ರಂಗೂಬಾಯಿ ಒಂದು ಕೈಯಲ್ಲಿ ಗಂಡನ ತೋಳು, ಇನ್ನೊಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಮೆಲ್ಲಗೆ ಮನೆಯೊಳಕ್ಕೆ ಮುಖ ತಿರುಗಿಸಿ, ಕತ್ತು ಎತ್ತಿದಳು.

ಗಿಣಿಗಳು ನೆಟ್ಟಗೆ ಕುಳಿತಿದ್ದವು. ಆನೆ ನಾಲ್ಕು ಕಾಲಿನ ಮೇಲೆ ನಿಂತಿತ್ತು. ದೀಪ ಮೇಲಕ್ಕೆ ಉರಿಯುತ್ತಿತ್ತು.

"ಆ ಮೊದಲನೇ ಗಿಣಿ ಇತ್ತ ಕಡಿಂದ ನೋಡಿದ್ರೂ ಕಾಗೀನ ಅದ," ಎಂದಳು.

ರಾಘಣ್ಣ ಹೌದು ಎಂದು ತಲೆಯಾಡಿಸಿದ. ರಂಗೂಬಾಯಿಯ ಕಣ್ಣು ಜಂತಿಯ ಕೆಳಗೆ, ಕೆಂಪು ಸೀರೆಯ ಹುಡುಗಿಯ ಮೇಲೆ ನಿಂತಿತು. ಹಗ್ಗ ಹಿಡಿದು, ಜಡೆ ಬೆನ್ನಿಗೆ ಬಿಟ್ಟು, ಹುಡುಗಿ ಸರಿಯಾಗಿ ಕುಳಿತಿದ್ದಳು.

"ಜೋಕಾಲಿ ಕೆಳಗ ಬಂತು ನೋಡ್ರಿ," ಎಂದು ಮೆಲ್ಲಗೆ ಅಂದಳು. "ಆಕೀಗೂ ಇಷ್ಟು ದಿವಸ ಹೆದರಿಕಿ ಆಗಿರಬೇಕು."

ಅವಳ ಕಾಲು ಸಣ್ಣಗೆ ನಡುಗುವುದನ್ನು ಕಂಡು ಕೃಷ್ಣಾಬಾಯಿ ಕುರ್ಚಿ ತರಲು ಒಳಗೆ ಹೊರಟಳು. ರಂಗೂಬಾಯಿ ಬೇಡವೆಂದು ಕೈ ಮಾಡಿದಳು. ಗಂಡನ ತೋಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ಕುರ್ಚಿ ಬ್ಯಾಡ, ವೈನಿ," ಎಂದಳು. "ಇನ್ನಷ್ಟು ಹೊತ್ತು ನಿಂತ ನೋಡ್ತೀನಿ."