ಟ್ಯಾಪೆಟ್ ಕವರಿನ ಹಿಂಬದಿ

ಕಾರಿನ ಇಂಜಿನ್ನಿನ ಕೆಳಗಿನ ಬೋಲ್ಟಿನಿಂದಲೇ ಎಣ್ಣೆ ಸೋರುತ್ತಿದ್ದರೆ ಕಿರಿ ಅಳಿಯನಿಗೆ ಚಿಂತೆಯಿಲ್ಲ. ಅಲ್ಲಿಂದ ಅಲ್ಲದಿದ್ದರೆ? ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಾಗಬೇಕೆಂದಿಲ್ಲ; ಮೇಲೆಲ್ಲೋ ಹೊರಟು ಇಂಜಿನ್ನಿನ ಮೈಗುಂಟ ಇಳಿದು ಕೆಳಗೆ ಹನಿಯುತ್ತದೆ. ಇಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರ್ ಕೂರಿಸಿದವನು ಅವನೇ. ಕವರಿನಡಿ ಎಣ್ಣೆ ತಡೆಯುವ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಪೂರ್ತಿ ಕೆರೆದು ತೆಗೆದಿದ್ದೆನೇ ಎಂಬುದು ಅವನಿಗೆ ನೆನಪಾಗಲಿಲ್ಲ.

ಕೆಳಗಿನ ಬೋಲ್ಟ್ ಬಿಗಿದವನು ಹಿರಿ ಅಳಿಯ. ಗ್ಯಾರೇಜು ಮಾವನದು, ಅಲ್ಲಿನ ಕಟ್ಟಳೆಯೂ ಮಾವನದೇ: ಯಾರ ಕೆಲಸ ಸೋರಿತೋ ಅವನು ಎಲ್ಲರೆದುರು ಬರಿಗೈಯಲ್ಲಿ ನೆಲದ ಎಣ್ಣೆ ಬಳಿದು ತೆಗೆಯಬೇಕು, ಮುಂದೆಂದೂ ಇಂಜಿನ್ ಮುಟ್ಟದೆ ಕಾರು ತೊಳೆಯಬೇಕು.

ಇಂಜಿನ್ ತೊಳೆದು, ಒರೆಸಿ, ಮೈಗೆಲ್ಲ ಪೌಡರ್ ಉದುರಿಸಿ ಚಾಲೂ ಮಾಡಿದರು. ಒದ್ದೆಯಾದ ಪೌಡರಿನಲ್ಲಿ ಎಲ್ಲಕ್ಕಿಂತ ಮೇಲಿನ ಕಲೆ ಎಲ್ಲಿದೆಯೋ ಅಲ್ಲೇ ಮೂಲ.

"ಏನಪ್ಪಾ ದೊಡ್ಡ ಅಳಿಯ, ನಿನ್ನ ಬೋಲ್ಟು ಅಳ್ತಿದೆಯಾ?" ಮಾವ ಸ್ಟೂಲಿನಿಂದಲೇ ಕೇಳಿದರು.

"ಸುತ್ತ ಒದ್ದೆಯಿದೆ ಮಾವ. ಆದ್ರೆ ಬೋಲ್ಟು ಬಿಗಿಯಾಗೇ ಇದೆ."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!"

ಕೆಲಸದವರು ನಕ್ಕರು. ಹಿರಿ ಅಳಿಯ ಕಿರಿಯನ ಕಡೆ ತಿರುಗಿ ದನಿ ತಗ್ಗಿಸಿದ. "ತಮ್ಮಾ, ಮೇಲೆ ಹಿಂಬದಿ ಒಂದ್ಸಲ ಟಾರ್ಚ್ ಬಿಡು. ನನ್ನ ಕಣ್ಣಿಗೆ ಅಷ್ಟು ಕಾಣಲ್ಲ. ನೀನು ಹೇಳಿದ್ರೆ ಸಾಕು."

ಕಿರಿಯ ಬಗ್ಗಿದ. ಕವರಿನ ಹಿಂದಿನ ಮೂಲೆಯಲ್ಲಿ ಪೌಡರು ಕಪ್ಪಾಗಿತ್ತು. ಅಲ್ಲಿಂದ ಸಣ್ಣದೊಂದು ಗೆರೆ ನೆಟ್ಟಗೆ ಕೆಳಗಿಳಿದಿತ್ತು. ಬಟ್ಟೆಯಿಂದ ಒರೆಸಿದ. ಟಾರ್ಚ್ ಆರಿಸಿ, ಇಲ್ಲವೆಂದು ತಲೆಯಲ್ಲಾಡಿಸಿದ.

"ಹಾಗಾದ್ರೆ ನನ್ನದೇ ಬಿಡು," ಎಂದ ಹಿರಿಯ, ಅವನಿಗೇ ಸಮಾಧಾನ ಹೇಳುವಂತೆ.

"ದೊಡ್ಡವಳನ್ನ ಕರೀರಿ," ಎಂದರು ಮಾವ. "ಗಂಡನ ಚೆಂದ ನೋಡ್ಲಿ."

ಹಿರಿ ಮಗಳು ಬಂದು ಬಾಗಿಲಲ್ಲಿ ನಿಂತಳು. ಗಂಡ ಮಂಡಿಯೂರಿ ಅಂಗೈಯಿಂದ ಎಣ್ಣೆ ಬಳಿಯುತ್ತಿದ್ದ.

"ಮೂಲೆ ಬಿಟ್ಟೆ ನೋಡು. ಅದೂ ಕಾಣಲ್ವಾ?" ಎಂದರು ಮಾವ.

ಅವಳು ತಂಗಿಯ ಗಂಡನನ್ನು ಕೇಳಿದಳು: "ನಿಜವಾಗ್ಲೂ ಇವರದ್ದೇನಾ?"

ಅವನು ಟಾರ್ಚಿನ ಗಾಜು ಉಜ್ಜುತ್ತ ನಿಂತ.

ಮಾವ ಬೋಲ್ಟ್ ಬದಲಿಸಲು ಹೇಳಿದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಿರಿಯ ಒಬ್ಬನೇ ಉಳಿದು, ಕವರ್ ಬಿಚ್ಚಿ, ಗ್ಯಾಸ್ಕೆಟ್ಟನ್ನೂ ಬದಲಿಸಿದ. ಕಾರು ಮತ್ತೆ ಸೋರಲಿಲ್ಲ. "ನೋಡಿದ್ರಾ, ಬೋಲ್ಟೇ!" ಎಂದು ಮಾವ ಬಂದವರಿಗೆಲ್ಲ ಹೇಳಿದರು. ಪೈಪು ಹಿಡಿದು ಚಕ್ರ ತೊಳೆಯುತ್ತಿದ್ದ ಹಿರಿಯನೂ ಹೌದೆಂದ.

ಸೋರಿದ್ದು ತನ್ನ ಕೆಲಸ ಎಂದು ಕಿರಿಯ ಯಾರಿಗೂ ಹೇಳಲಿಲ್ಲ.