ಹೊನ್ನೆಯ ಟೊಂಗೆ

ಎಲೆ ಸುತ್ತಿಕೊಂಡು ಒಳಗೆ ಕೂರುವ ಹುಳಗಳು ಪತಂಗವಾದ ಮೇಲೆ ನೋಡಲು ಎಲ್ಲವೂ ಒಂದೇ ಥರ. ಯಾವ ಮರದ ಎಲೆ ತಿಂದು ಬೆಳೆದವು ಎಂಬುದರಿಂದಲೇ ಜಾತಿ ಬಿಡಿಸಬೇಕು. ಅದೇ ನನ್ನ ಸಂಶೋಧನೆ. ಸವಣೂರಿನ ಖಬರಸ್ತಾನದ ಹೊನ್ನೆ ಮರದಿಂದ ಹನ್ನೊಂದು ಹುಳ ತಂದುಕೊಟ್ಟವನು ಅಪ್ಪ. ಅವನು ಬಡಿಗ, ಮರಗಳ ಗುರುತು ನನಗಿಂತ ಅವನಿಗೇ ಹೆಚ್ಚು. ಊರಲ್ಲಿ ಹೊನ್ನೆ ಅದೊಂದೇ. ಬೇರೆ ಎಲೆಯನ್ನು ಆ ಹುಳಗಳು ಮೂಸಿಯೂ ನೋಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಪ್ಪನೇ ಎಲೆ ತರುತ್ತಿದ್ದ.

ನಿನ್ನೆ ಅಪ್ಪ ತೀರಿಕೊಂಡ. ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ ಎಂದು ನನ್ನನ್ನು ಮನೆಯಲ್ಲೇ ಕೂರಿಸಿದರು. ಇವತ್ತು ಡಬ್ಬಿಯಲ್ಲಿ ಎಲೆ ಮುಗಿದಿತ್ತು. ತಮ್ಮ ಇಮ್ರಾನನಿಗೆ ತರಲು ಹೇಳಿದೆ.

"ಆ ಮರ ಎಲ್ಲೈತಿ ಶಾಹೀನಕ್ಕ? ಖಬರಿನ್ಯಾಗ ಅಪ್ಪನ ಮ್ಯಾಲ ಮುಚ್ಚಾಕ ಹಲಗಿ ಬೇಕಾಗಿತ್ತು, ಕಡದ್ವಿ."

"ಯಾರನ್ನ ಕೇಳಿ ಕಡದ್ರಿ?"

"ಅಪ್ಪನೇ ಹೇಳಿದ್ದ. ಹೊನ್ನಿ ಹಲಗಿಗೆ ಗೆದ್ದಲ ಹತ್ತಂಗಿಲ್ಲ, ನನಗ ಅದನ್ನ ಹಾಕ್ರಿ ಅಂತ."

ಡಬ್ಬಿಯೊಳಗೆ ಹುಳಗಳು ತಲೆ ಎತ್ತಿ ತಡಕಾಡುತ್ತಿದ್ದವು.

"ಒಂದ ಎಲಿನೂ ಉಳದಿಲ್ಲೇನು?"

"ಎಲ್ಲಾ ಆಡು ತಿಂದು ಮುಗಿಸ್ಯಾವ. ಖಬರಿನ ಮ್ಯಾಲ ಅಷ್ಟ ಒಂದ ಟೊಂಗಿ ಚುಚ್ಚೇವಿ."

ಆ ಟೊಂಗೆ ಹಸಿರಿರುವತನಕ ಗೋರಿಯೊಳಗೆ ಸತ್ತವರ ಸಂಕಟ ಹಗುರವಂತೆ. ನನಗೂ ಗೊತ್ತು.

"ಕಿತ್ಕೊಂಡ ಬಾ," ಎಂದೆ.