ಹನ್ನೆರಡು ಗಂಟೆಯವರೆಗಿನ ಚಂದಾ

ಮೂರು ದಿನ ಬಿಡದೆ ಬೀಸಿದ ಆಗ್ನೇಯದ ಗಾಳಿ ಶನಿವಾರ ಬೆಳಗಿನ ಹೊತ್ತಿಗೆ, ಯಾರೋ ಕೈ ಹಿಡಿದು ಕೂರಿಸಿದಂತೆ ನಿಂತುಬಿಟ್ಟಿತ್ತು. ಬೆಟ್ಟದ ನೆತ್ತಿಯ ಮೇಲೆ ಒಂದು ತುಂಡು ಮೋಡವಿರಲಿಲ್ಲ. ಹವಳದ ದಂಡೆಯೊಳಗಿನ ನೀರು ಹಿಂಡಿಟ್ಟ ತೆಂಗಿನ ಹಾಲಿನಂತೆ ಅಲುಗದೆ ಇತ್ತು. ಚಾಪೆಯ ಮೇಲೆ ಎದ್ದು ಕುಳಿತ ವಿನಿಯಾನಾ ಬಾಗಿಲಾಚೆ ನೋಡಿ, "ಮೋಡ ಇಲ್ಲ ಕಣೇ ಲೊಸೇನಾ. ಇವತ್ತು ಗುಡ್ಡದ ಮೇಲೆ ಸಿಗ್ನಲ್ ಚೆನ್ನಾಗಿ ಸಿಗುತ್ತೆ. ದೇವರು ನನ್ನ ಮಾತು ಕೇಳಿಸಿಕೊಂಡ," ಅಂದಳು.

ಕೇಳಿಸಿಕೊಳ್ಳದೆ ಏನು ಮಾಡಿಯಾನು? ಮೂರು ದಿನದಿಂದ ಆಕೆ ಅವನ ಬಳಿ ಅದೊಂದನ್ನೇ ಕೇಳಿದ್ದಳು. ಕಿರಿಮಗಳು ಕೆಲೆರಾ ಫಿಜಿಯ ಬಿಳಿ ಅಂಗಿ ತೊಟ್ಟು ಆ ದಿನ ನ್ಯೂಜಿಲೆಂಡಿನಲ್ಲಿ ಫೈನಲ್ ಆಡಲಿಕ್ಕಿದ್ದಳು. ಏಳೇಳು ಹೆಣ್ಣುಮಕ್ಕಳ ರಗ್ಬಿ. ಮಗಳು ಈ ಊರ ಮರಳಿನಲ್ಲಿ ತೆಂಗಿನಕಾಯಿಯನ್ನೇ ಚೆಂಡು ಮಾಡಿಕೊಂಡು ಓಡಿದ್ದನ್ನು ತಾಯಿ ಕಂಡಿದ್ದಳು. ನಿಜವಾದ ಚೆಂಡು ಹಿಡಿದು ಓಡಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಹುಡುಗಿ ಸುವಾ ಪಟ್ಟಣ ಸೇರಿ ನಾಲ್ಕು ವರ್ಷವಾಗಿತ್ತು. ತಂಡ ಇಷ್ಟು ದೂರ ಬಂದೀತೆಂದು ಊರಲ್ಲಿ ಯಾರೂ ಎಣಿಸಿರಲಿಲ್ಲ. ಆಟದ ಪಂಡಿತರಂತೂ ಮೊದಲೇ ಎಣಿಸಿರಲಿಲ್ಲ.

ಹಿರಿಮಗಳು ಲೊಸೇನಾ ಚಹಾದ ನೀರಿಟ್ಟು ಫೋನ್ ತೆಗೆದಳು. ಪರದೆಯ ಮೇಲೆ ಒಂದು ಸಂದೇಶ ಕಾದಿತ್ತು. ನಿಮ್ಮ ಕ್ರೀಡಾ ಚಾನೆಲ್ಲಿನ ಚಂದಾ ಇಂದು ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತದೆ.

ಆಟ ಶುರುವಾಗುವುದು ಹನ್ನೊಂದು ನಲವತ್ತಕ್ಕೆ.

"ಅಯ್ಯೋ ದೇವರೇ, ನನ್ನ ಕೈಯಾರೆ ನಾನೇ ಕತ್ತರಿಸಿದೆನಲ್ಲ!" ಎಂದು ಅವಳು ಕುದಿಯುವ ನೀರನ್ನು ಹಾಗೇ ಬಿಟ್ಟು ಬರಿಗಾಲಲ್ಲಿ ಓಡಿದಳು.

ಈ ಪೇಚಿನ ಬೇರು ಹುಡುಕಿದರೆ ಅದು ಲೊಸೇನಾಳ ಒಳ್ಳೆಯತನಕ್ಕೇ ಹೋಗಿ ಮುಟ್ಟುತ್ತದೆ. ಅವಳು ಊರ ಔಷಧಾಲಯದ ನರ್ಸ್. ಸಂಬಳ ಬ್ಯಾಂಕಿಗೆ ಬೀಳುವ, ಬ್ಯಾಂಕಿನ ಕಾರ್ಡಿರುವ ಜೀವ ಊರಿಗೆ ಅವಳೊಬ್ಬಳೇ. 'ಕೆರೆಕೆರೆ' ಎಂದು ಬಾಗಿಲಲ್ಲಿ ಕೂತು ಬೇಡಿದ ನೆಂಟನಿಗೆ ಇಲ್ಲವೆನ್ನುವುದು ಆ ದ್ವೀಪದಲ್ಲಿ ಹುಟ್ಟಿದವರ ನಾಲಿಗೆಗೆ ಬರುವ ಮಾತಲ್ಲ. ಇವತ್ತು ಅವನು ಬೇಡಿದ, ಕೊಟ್ಟೆ; ನಾಳೆ ನೀನು ಹೋಗಿ ಬೇಡು, ಅವನು ಕೊಡುತ್ತಾನೆ. ಹಿಂದೆ ಹೀಗೆ ಕೊಡಲಿ, ದೋಣಿ, ಹಂದಿಮರಿಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಈಗ ತಿಂಗಳ ಚಂದಾಗಳು ಓಡಾಡತೊಡಗಿದ್ದವು. ಒಬ್ಬರಿಗೆ ಕೀರ್ತನೆಗಳು, ಒಬ್ಬರಿಗೆ ಉಬ್ಬರವಿಳಿತದ ವೇಳೆ, ಮಕ್ಕಳಿಗೆ ಕಾರ್ಟೂನು, ಹರೆಯದ ಹುಡುಗಿಯರಿಗೆ ಮುಖಕ್ಕೆ ಬೆಕ್ಕಿನ ಮೀಸೆ ಅಂಟಿಸುವ ಆಟ. ಫೋನು ಅವರವರದು, ಒಳಗಿನ ಹೆಸರೂ ಕಾರ್ಡೂ ಲೊಸೇನಾಳದು.

ಸಂಬಳ ಬಂದ ವಾರಕ್ಕೇ ಕರಗುತ್ತಿದ್ದುದನ್ನು ಕಂಡು ಅವಳು ಎಲ್ಲರನ್ನೂ ಕರೆದು, ಪರದೆಯ ಮೇಲಿನ ಆ ಪುಟ್ಟ ಚಿತ್ರಗಳನ್ನು ಅಳಿಸಿಹಾಕಿಸಿದಳು. ಕಂಬ ಕಿತ್ತ ಮೇಲೆ ಮನೆ ಎಲ್ಲಿ ಉಳಿದೀತು ಎಂಬ ಲೆಕ್ಕ. ಮೂರು ತಿಂಗಳು ಹಣ ಮೊದಲಿನಂತೆಯೇ ಹೋಗುತ್ತಿತ್ತು. ಆಮೇಲೆ ಎಮೊಸಿಗೆ ತೋರಿಸಿದಳು. ಎಮೊಸಿ ಅವಳ ಸೋದರತ್ತೆಯ ಮಗ, ಸುವಾದ ಫೋನ್ ಅಂಗಡಿಯಲ್ಲಿ ಎರಡು ವರ್ಷ ದುಡಿದವನು. ಆ ನಂಟಿನಲ್ಲಿ ಒಬ್ಬರ ಕಾಲನ್ನೊಬ್ಬರು ಎಳೆಯದೆ ಇದ್ದರೆ ಊರವರು ಜಗಳವಾಗಿದೆಯೇ ಎಂದು ಕೇಳುತ್ತಾರೆ.

"ಚಿತ್ರ ಅಳಿಸಿದ್ರೆ ಚಂದಾ ಸಾಯುತ್ತೇನೇ? ದೋಣೀನ ಸೋಗೆ ಕೆಳಗೆ ಬಚ್ಚಿಟ್ಟು, ಕಟ್ಟಿದ ಹಗ್ಗ ಹಾಗೇ ಬಿಟ್ಟಂಗಾಯ್ತು," ಎಂದು ನಕ್ಕು, ಅವಳ ಫೋನಿನಲ್ಲಿ ಅವಳ ಹೆಸರು ಒತ್ತಿ, ಅದರೊಳಗೆ 'ಚಂದಾಗಳು' ಎಂಬುದನ್ನು ಒತ್ತಿ ತೆರೆದ. ಸಾಲಾಗಿ ಹನ್ನೊಂದು. "ಅಬ್ಬಬ್ಬಾ! ಹನ್ನೊಂದು ಮಕ್ಕಳ ತಾಯಿ ಅಂತ ನೀನು ಹೇಳಲೇ ಇಲ್ಲವಲ್ಲಮ್ಮಾ!"

ಆದರೆ ಕೊಟ್ಟದ್ದನ್ನು ಬೆನ್ನ ಹಿಂದೆ ಕತ್ತರಿಸುವುದುಂಟೇ? ಲೊಸೇನಾ ಮನೆಮನೆಗೆ ಹೋಗಿ, ಚಾಪೆಯ ಅಂಚಿನಲ್ಲಿ ಕೂತು, ಹೇಳಿ ಬಂದಳು. ಕೀರ್ತನೆಯ ವಾರನಿಸೇಸೆ ಅಜ್ಜಿ ಮಾತ್ರ ಒಪ್ಪಲಿಲ್ಲ.

"ಏಳು ದಿನ ಉಚಿತ ಅಂತ ಕೊಟ್ರಲ್ಲ, ಆ ಪುಣ್ಯಾತ್ಮರ ಹೆಸರು ಹೇಳಿ ದಿನಾ ಪ್ರಾರ್ಥನೆ ಮಾಡ್ತಿದ್ದೀನಿ. ಈಗ ಬೇಡ ಅಂದ್ರೆ ಮನಸ್ಸಿಗೆ ನೋವಾಗಲ್ವೇನೇ? ಒಂದು ಚಾಪೆನಾದ್ರೂ ನೇಯ್ದು ಕಳಿಸೋಣ."

"ಅಜ್ಜಿ, ಏಳು ದಿನ ಹೋಗಿ ಏಳು ತಿಂಗಳಾಯ್ತು. ಅಷ್ಟಕ್ಕೂ ಹಣ ಕಟ್ಟಿದ್ದೀನಿ."

ಅಜ್ಜಿ ಸ್ವಲ್ಪ ಯೋಚಿಸಿ, "ಹಾಗಾದ್ರೆ ಚಾಪೆ ಅವರೇ ಕಳಿಸ್ಬೇಕು!" ಅಂದಳು.

ಮಂಗಳವಾರ ಇಬ್ಬರೂ ಗುಡ್ಡ ಹತ್ತಿ ಕೂತು ಒಂದೊಂದಾಗಿ ರದ್ದು ಮಾಡಿದರು. ಪ್ರತಿಯೊಂದೂ ಕೈಹಿಡಿದು ಜಗ್ಗುತ್ತಿತ್ತು: ಖಂಡಿತ ಹೋಗುತ್ತೀರಾ, ಅರ್ಧ ಬೆಲೆಗೆ ಕೊಟ್ಟರೆ ಉಳಿಯುತ್ತೀರಾ. "ಮದುವೆ ಊಟ ಬಿಟ್ಟು ಹೊರಟವರನ್ನೂ ಯಾರೂ ಇಷ್ಟು ತಡೆಯಲ್ಲಪ್ಪಾ," ಅಂದ ಎಮೊಸಿ. ಕ್ರೀಡಾ ಚಾನೆಲ್ಲು ಅವನೇ ಬೇಡಿ ಹಾಕಿಸಿಕೊಂಡದ್ದು. "ನಂದು ಮೊದಲು ಕತ್ತರಿಸು. ನಾಳೆ ಯಾರೂ ಬೆರಳು ತೋರಿಸೋದು ಬೇಡ."

ಅವನು ಆ ಮನೆಯಿಂದ ಒಯ್ದದ್ದು ಇನ್ನೊಂದಿತ್ತು. ಮೂರು ವರ್ಷದ ಹಿಂದೆ ಚಂಡಮಾರುತ ಅವನ ಮನೆಯ ಮಾಡು ಹಾರಿಸಿಕೊಂಡು ಹೋದಾಗ, ಲೊಸೇನಾಳ ತಂದೆಯ ರೇಡಿಯೋ ಒಯ್ದಿದ್ದ. ತಂದೆ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅದನ್ನು ಅವನು ಕೆರೆಕೆರೆ ಎಂದು ಬೇಡಿರಲಿಲ್ಲ. "ಮಳೆಗಾಲ ಮುಗಿಯೋ ತನಕ ಇರಲಿ, ಅತ್ತೆ," ಎಂದು ಮಾತು ಕೊಟ್ಟು ಒಯ್ದಿದ್ದ. ಮೂರು ಮಳೆಗಾಲ ಬಂದು ಹೋದವು. ಇವರು ಕೇಳಲಿಲ್ಲ, ಅವನು ತರಲಿಲ್ಲ. ತಡವಾದಷ್ಟೂ ತರುವ ಮುಖ ಅವನಿಗೆ ಇಲ್ಲವಾಯಿತು. ವಿನಿಯಾನಾ ಒಮ್ಮೊಮ್ಮೆ ಬರಿದಾದ ಹಲಗೆಯ ಕಡೆ ನೋಡಿ ಬೇರೆ ಕಡೆ ತಿರುಗುತ್ತಿದ್ದಳು.

ಶನಿವಾರ ಬೆಳಿಗ್ಗೆ ಲೊಸೇನಾ ಏದುಸಿರು ಬಿಡುತ್ತಾ ಬಂದಾಗ ಎಮೊಸಿ ಅಂಗಳದಲ್ಲಿ ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದ.

"ನರ್ಸಮ್ಮ ಬರಿಗಾಲಲ್ಲಿ ಓಡಿದ್ರೆ ಯಾರಿಗೋ ಹೆರಿಗೆ ಅಂತ ಅರ್ಥ. ಯಾರಿಗಮ್ಮಾ?"

"ನಿನ್ನ ತಲೆಗೆ! ಓದು ಭಾವ, ಇದನ್ನ ಓದು!"

ಓದುತ್ತಾ ಅವನ ನಗು ಇಳಿಯಿತು. "ರದ್ದು ಮಾಡಿದ್ರೂ ಕಟ್ಟಿದ ತಿಂಗಳು ತುಂಬೋ ತನಕ ಬರುತ್ತೆ. ನಾನು ಮೊದಲು ಹಾಕಿಸಿಕೊಂಡಿದ್ದು ಮಧ್ಯಾಹ್ನದ ಊಟದ ಹೊತ್ತಲ್ಲೇ. ಹೌದು, ಹನ್ನೆರಡಕ್ಕೆ."

"ಮತ್ತೆ ಹಾಕು ಹಾಗಾದ್ರೆ!"

ಗುಡ್ಡದ ಅರ್ಧಕ್ಕೆ ಓಡಿ ಒತ್ತಿದರು. ಪಾವತಿ ಆಗಲಿಲ್ಲ. ಕಾರ್ಡಿನಲ್ಲಿ ಉಳಿದದ್ದು ಎರಡು ಡಾಲರ್. ಸಂಬಳ ಬರುವುದು ಗುರುವಾರ. ಸುದ್ದಿ ಊರಿಗೆ ಹರಡಲು ಹೊತ್ತಾಗಲಿಲ್ಲ. ಲೊಸೇನಾಳ ಸೋದರಮಾವ ರುಸಿಯಾಟೆ ಮುಷ್ಟಿಯಲ್ಲಿ ನೋಟು ಹಿಡಿದು ಓಡಿಬಂದ. "ತಗೊಳ್ಳೇ ಇಪ್ಪತ್ತು ಡಾಲರ್! ತುರುಕು ಅದರ ಬಾಯಿಗೆ!"

"ಮಾವ, ಕಾಗದದ ದುಡ್ಡು ಇದು ನುಂಗಲ್ಲ. ಬ್ಯಾಂಕು ಸಮುದ್ರದ ಆಚೆ."

"ಇಂಥ ಅಹಂಕಾರದ ಯಂತ್ರ ನಾ ಕಾಣೆ," ಎಂದ ಮುದುಕ.

ಎಮೊಸಿ ಬೆರಳು ಮಡಿಸುತ್ತಿದ್ದ. "ತಡೀರಿ, ತಡೀರಿ. ಏಳು ನಿಮಿಷ, ನಡುವೆ ವಿರಾಮ ಎರಡು, ಮತ್ತೆ ಏಳು. ಹದಿನಾರು! ಇನ್ನೂ ನಾಲ್ಕು ನಿಮಿಷ ಮಿಗುತ್ತೆ ಕಣ್ರೋ!"

ಊರೇ ಹೋ ಎಂದಿತು. ಚರ್ಚಿನ ಕುರ್ಚಿಯೊಂದು ಬಂತು. ವಿನಿಯಾನಾಳ ಮಂಡಿ ಗುಡ್ಡ ಹತ್ತುವಂಥದ್ದಲ್ಲ. ನಾಲ್ವರು ಗಂಡಸರು ಕುರ್ಚಿ ಸಮೇತ ಹೆಗಲಿಗೇರಿಸಿದರು.

"ಕೈ ಬೀಸಿ ಅಮ್ಮಾ, ರಾಣಿ ಥರ!" ಎಂದು ಒಬ್ಬ ಕೂಗಿದ.

"ನೀನು ಮೊದ್ಲು ಕಾಲು ನೋಡ್ಕೊಂಡು ನಡಿಯೋ, ಕುದುರೆ!" ಎಂದಳು ಆಕೆ. ಆದರೂ ಕೈ ಬೀಸಿದಳು.

ಆಟ ನೋಡುವಷ್ಟು ಸಿಗ್ನಲ್ಲು ಸಿಗುವುದು ಗುಡ್ಡದ ಮೇಲೆ ನೀರಿನ ತೊಟ್ಟಿಯ ಪಕ್ಕದಲ್ಲಷ್ಟೇ. ಅಳಿಸಿದ್ದ ಚಾನೆಲ್ಲನ್ನು ಅಲ್ಲೇ ಮತ್ತೆ ಫೋನಿಗೆ ಇಳಿಸಿಕೊಂಡರು. ಸದ್ದು ದೊಡ್ಡದಾಗಲೆಂದು ಫೋನನ್ನು ಖಾಲಿ ಬಿಸ್ಕತ್ ಡಬ್ಬದೊಳಗೆ ನಿಲ್ಲಿಸಿ, ಡಬ್ಬವನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟರು. ಎದುರಿಗೆ ವಿನಿಯಾನಾಳ ಕುರ್ಚಿ, ಸುತ್ತ ಮಕ್ಕಳು, ಹಿಂದೆ ಹಿರಿಯರು. ಅವರ ಹಿಂದಿನವರಿಗೆ ಕಾಣುವುದೇನೂ ಇಲ್ಲ, ಆದರೂ ಕತ್ತು ಚಾಚಿಕೊಂಡೇ ನಿಂತರು. ಎಮೊಸಿ ಕೊನೆಗೆ ಬಂದ. ಹೆಗಲಲ್ಲಿ ತೆಂಗಿನಗರಿಯ ಬುಟ್ಟಿ, ಮೇಲೆ ಎಲೆ ಮುಚ್ಚಿತ್ತು.

"ತಿನ್ನೋಕೇನು ತಂದೆ ಭಾವ?"

"ಬಾಯಿಗಲ್ಲ ಬಿಡು," ಎಂದು ಅವನು ಮುಖ ತಿರುಗಿಸಿದ.

ಹನ್ನೊಂದು ನಲವತ್ತು. ಆಟಗಾರ್ತಿಯರು ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡತೊಡಗಿದರು. ಅವರದೊಂದು ಗೀತೆ, ನಮ್ಮದೊಂದು ಗೀತೆ. ಆಮೇಲೆ ಕೈಕುಲುಕಾಟ. ಕೀರ್ತನೆಯೆಂದರೆ ಪ್ರಾಣ ಬಿಡುವ ವಾರನಿಸೇಸೆ ಅಜ್ಜಿಯೇ, "ಒಂದು ಚರಣ ಸಾಕಿತ್ತಪ್ಪಾ, ದೇವರಿಗೆ ತಿಳಿಯುತ್ತೆ," ಎಂದು ಗೊಣಗಿದಳು. ಸೀಟಿ ಊದಿದಾಗ ಹನ್ನೊಂದು ನಲವತ್ತನಾಲ್ಕು. ಮಿಕ್ಕಿದ್ದ ನಾಲ್ಕು ನಿಮಿಷ ಹಾಡಿಗೆ ಸಂದಿತ್ತು.

"ಎಲ್ಲಿ? ಯಾವಳು ನಮ್ಮ ಹುಡುಗಿ?" ಎಂದು ವಿನಿಯಾನಾ ಪರದೆಗೆ ಮುಖ ತಂದಳು. ಕೆಲೆರಾ ಮೈದಾನದಲ್ಲಿರಲಿಲ್ಲ. ಹೊರಗಿನ ಬೆಂಚಿನಲ್ಲಿದ್ದಳು, ಬೆಂಚನ್ನು ಯಾರೂ ತೋರಿಸುತ್ತಿರಲಿಲ್ಲ. ಎದುರಾಳಿಗಳು ಎರಡು ಸಲ ಚೆಂಡು ಹೊತ್ತು ಗೆರೆ ದಾಟಿ ಅಂಕ ಗಳಿಸಿದರು, ನಮ್ಮವರು ಒಂದು ಸಲ. ವಿರಾಮ ಬಂತು. ಲೊಸೇನಾಳ ಕಣ್ಣು ಆಟದ ಮೇಲಿರಲಿಲ್ಲ. ಪರದೆಯ ಮೂಲೆಯ ಗಡಿಯಾರಕ್ಕೆ ಅಂಟಿತ್ತು. ಅಮ್ಮ ಒಮ್ಮೆ ನೋಡಲಿ ದೇವರೇ, ಗೆಲುವು ನಿನ್ನಿಷ್ಟ, ಎಂದು ಅವಳು ಒಳಗೇ ಹೇಳಿಕೊಳ್ಳುತ್ತಿದ್ದಳು.

ಹನ್ನೊಂದು ಐವತ್ತಾರು. ಒಬ್ಬಳು ಕುಂಟುತ್ತಾ ಹೊರಬಂದಳು. ಇನ್ನೊಬ್ಬಳು ಒಳಗೆ ನಡೆದಳು.

ವಿನಿಯಾನಾ ಕುರ್ಚಿಯ ಕೈ ಹಿಡಿದು ಅರ್ಧ ಎದ್ದಳು. "ಅವಳೇ. ಎಡಗಾಲು ಒಳಕ್ಕೆ ಹಾಕಿ ನಡೀತಾಳೆ ನೋಡು. ಅವರಪ್ಪನ ನಡಿಗೆ."

ಆಮೇಲಿನ ಮೂರು ನಿಮಿಷ ಗುಡ್ಡದ ಮೇಲೆ ಯಾರಿಗೂ ಉಸಿರಿನ ಗೊಡವೆ ಇರಲಿಲ್ಲ. ಕೆಲೆರಾ ತನಗಿಂತ ಒಂದು ಮೊಳ ಎತ್ತರದವಳ ಸೊಂಟಕ್ಕೆ ಬಿದ್ದು ಕೆಡವಿದಳು. "ಹಾಗೆ ಕೆಡವೇ, ನಮ್ಮವ್ವಾ!" ಎಂದು ರುಸಿಯಾಟೆ ಪಕ್ಕದವನನ್ನೇ ಕೆಡವಿದ. ನಮ್ಮವರು ಗೆರೆ ದಾಟಿದರು. ಎರಡೂ ಕಡೆ ಹನ್ನೆರಡು! ಮಕ್ಕಳು ಕಿರುಚಿದರು, ನಾಯಿಗಳು ಬೊಗಳಿದವು. ಕೊನೆಯ ನಿಮಿಷ. ಚೆಂಡು ಕೈಯಿಂದ ಕೈಗೆ ಹಾರಿ ಕೆಲೆರಾಳ ಎದೆಗೆ ಬಂತು. ಅವಳು ಅಂಚಿನುದ್ದಕ್ಕೆ ಓಟ ಹಿಡಿದಳು.

"ಓಡೇ! ಓಡೇ ಮಗಳೇ!"

ಪರದೆ ಕಪ್ಪಾಯಿತು. ನಿಮ್ಮ ಚಂದಾ ಮುಗಿದಿದೆ. ಮುಂದುವರಿಸಲು ಒತ್ತಿ.

"ಒತ್ತೇ! ಒತ್ತು!" ಎಂದು ಹತ್ತು ಬೆರಳು ಒಟ್ಟಿಗೆ ಒತ್ತಿದವು. ಪಾವತಿ ಆಗಲಿಲ್ಲ. ರುಸಿಯಾಟೆ ಡಬ್ಬಕ್ಕೆ ಒಂದೇಟು ಕೊಟ್ಟ. ಪ್ರಯೋಜನವಾಗಲಿಲ್ಲ. ಲೊಸೇನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಆಗ ಹಿಂದಿನಿಂದ ಗರಗರ ಸದ್ದು ಬಂತು. ಎಮೊಸಿ ಬುಟ್ಟಿಯ ಎಲೆ ಸರಿಸಿ, ತಾಮ್ರದ ತಂತಿ ಸುತ್ತಿದ ಏರಿಯಲ್ ಕಡ್ಡಿಯ ಕಂದು ರೇಡಿಯೋ ಎತ್ತಿ ಹಿಡಿದಿದ್ದ. ಗುಬಟು ತಿರುಗಿಸಿದ. ಗರಗರ ಸೀಳಿಕೊಂಡು ಗಂಡಸಿನ ದನಿಯೊಂದು ಕೂಗುತ್ತಾ ಹೊರಬಂತು.

"...ಹತ್ತು ಮೀಟರ್! ಒಬ್ಬಳನ್ನು ತಪ್ಪಿಸಿದಳು! ಐದು! ಕಾಲು ಹಿಡಿದಿದ್ದಾರೆ, ಬೀಳುತ್ತಿದ್ದಾಳೆ, ಕೈ ಚಾಚಿದಳು, ಗೆರೆಯ ಮೇಲೆ! ಗೆರೆಯ ಮೇಲೆ! ಕೆಲೆರಾ! ದೇವರೇ, ನಮ್ಮ ದ್ವೀಪದ ಹುಡುಗಿ! ಗೆದ್ದೆವು!"

ಗುಡ್ಡವೇ ಎದ್ದು ನಿಂತಂತಾಯಿತು. ಯಾರೋ ಖಾಲಿ ಪೀಪಾಯಿಯನ್ನು ಹಬ್ಬದ ಡೋಲಿನಂತೆ ಬಡಿದರು. ರುಸಿಯಾಟೆ ಇಪ್ಪತ್ತು ಡಾಲರ್ ನೋಟನ್ನು ಬಾವುಟದಂತೆ ಬೀಸುತ್ತಾ ಕುಣಿದ. ವಾರನಿಸೇಸೆ ಅಜ್ಜಿ ಫೋನಿಲ್ಲದೆಯೇ ಕೀರ್ತನೆ ಎತ್ತಿದಳು, ಐದೂ ಚರಣ, ಒಂದನ್ನೂ ಬಿಡದೆ. ಊರು ಅದರೊಳಗೆ ಸೇರಿಕೊಂಡಿತು. ಲೊಸೇನಾ ಬಾಗಿ ತಾಯಿಯ ಮುಖ ನೋಡಿದಳು. ವಿನಿಯಾನಾ ಕಣ್ಣು ಮುಚ್ಚಿದ್ದಳು, ಕೆನ್ನೆ ಒದ್ದೆಯಾಗಿತ್ತು. ಆಕೆಗೆ ಆ ನಡಿಗೆ ಕಂಡಿತ್ತು. ಉಳಿದ ಓಟವನ್ನು ಕಣ್ಣು ಮುಚ್ಚಿಯೇ ಕಂಡಳು.

ಹಾಡುತ್ತಾ ಕುಣಿಯುತ್ತಾ ಜನ ಇಳಿಯತೊಡಗಿದರು. ಕುರ್ಚಿ ಹೊರುವವರು ದೂರದಲ್ಲಿ ನಿಂತು ಇನ್ನೂ ಆ ಓಟವನ್ನೇ ಒಬ್ಬರಿಗೊಬ್ಬರು ಓಡಿ ತೋರಿಸುತ್ತಿದ್ದರು. ಎಮೊಸಿ ರೇಡಿಯೋ ಆರಿಸಿ, ಅಂಗಿಯ ತುದಿಯಿಂದ ಅದರ ಮುಖ ಒರೆಸಿದ. ಆಮೇಲೆ ಕುರ್ಚಿಯ ಎದುರು ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಅದನ್ನು ಚಾಚಿದ.

"ಮಳೆಗಾಲ ಮುಗೀತು, ಅತ್ತೆ."

ವಿನಿಯಾನಾ, ಕೊಟ್ಟದ್ದನ್ನು ಮನಸಾರೆ ಸ್ವೀಕರಿಸುವ ಊರ ಪದ್ಧತಿಯಂತೆ, ಬೊಗಸೆಗೈ ಮಾಡಿ ಮೆಲ್ಲಗೆ ಮೂರು ಸಲ ತಟ್ಟಿ, ರೇಡಿಯೋವನ್ನು ತೊಡೆಯ ಮೇಲಕ್ಕೆ ತೆಗೆದುಕೊಂಡಳು.